ಕಿರುಫಲಕದ ಕ್ಯಾಮೆರಾಕ್ಕೆ ಅಗಲನೋಟದ ಮಸೂರ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ನಮ್ಮ ಹಿರಿಯರು ಕಟ್ಟಿಸಿದ ತೊಟ್ಟಿಯ ಮನೆಯೊಂದು ಕಳೆದ ವರ್ಷದವರೆಗೂ ಇದ್ದಿತು. ಅದೇನೂ ಅರಮನೆಯಲ್ಲ. ನಡುವೆ ತೊಟ್ಟಿ, ಸುತ್ತಲೂ ಹಜಾರ, ಒಂದು ಪಕ್ಕಕ್ಕೆ ದೇವರಮನೆ, ನಡುಮನೆಯಿಂದಾಚೆಗೆ ಹಲಗೆಯ ಅಡ್ಡಗೋಡೆಯೊಂದನ್ನು ಮರೆಮಾಡಿಕೊಂಡು ಹೊಗೆಯಿಂದ ಕಪ್ಪಾದ ಅಡಿಗೆಯ ಮನೆ, ಮೇಲೆ ಕಾಫಿಯ ಮೂಟೆಗಳನ್ನೂ ಹಳೆಯ ತೊಟ್ಟಿಲನ್ನೂ ಇಡುತ್ತಿದ್ದ ಅಟ್ಟ. ಮಲೆನಾಡಿನ ಅಂಚಿನ ಊರುಗಳಲ್ಲಿ ಇಂತಹ ಮನೆಗಳು ಎಷ್ಟೋ ಇದ್ದುವು. ಈಗಲೂ ಕೆಲವು ಉಳಿದಿವೆ. ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾದ ಮೇಲೆ ಮನೆಯನ್ನು ಬಿಚ್ಚಿ ಮರಮಟ್ಟುಗಳನ್ನು ಹಂಚಿಕೊಳ್ಳುವುದೆಂದು ನಿಶ್ಚಯವಾಯಿತು. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಸೋರುವ ಮಾಡನ್ನು ಪ್ರತಿವರ್ಷವೂ ಹೊದಿಸುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಆಗ, ದೂರದ ಊರಿನಲ್ಲಿ ಮಗಳ ಮನೆಯಲ್ಲಿರುವ ನಮ್ಮ ಸೋದರತ್ತೆಯವರು, ವಯಸ್ಸು ಎಂಬತ್ತನ್ನು ಮೀರಿ ಪ್ರಯಾಣಮಾಡಲಾರದವರು, ಒಂದು ಮಾತನ್ನು ಹೇಳಿ ಕಳುಹಿಸಿದರು: “ಅಡಿಗೆಯ ಮನೆಯ ಪಟವೊಂದು ಬೇಕು. ಹೊಸಿಲಲ್ಲಿ ನಿಂತರೆ ಒಲೆಯೂ ಒರಳೂ ನೀರಿನ ಹಂಡೆಯೂ ಒಟ್ಟಿಗೆ ಕಾಣುತ್ತಿದ್ದುವಲ್ಲ, ಹಾಗೆ ಕಾಣಬೇಕು.”

ಇದೇನು ಮಹಾ ಕೆಲಸವೆಂದು ನಾವು ಭಾವಿಸಿದೆವು. ನಮ್ಮಲ್ಲಿ ಕ್ಯಾನನ್ ಕಂಪೆನಿಯ ಸಾಧಾರಣ ಕ್ಯಾಮೆರಾ ಒಂದಿತ್ತು. ಅದನ್ನು ಕೊಂಡಾಗ ಜೊತೆಯಲ್ಲಿಯೇ ಬಂದ ೧೮–೫೫ ಮಿಲಿಮೀಟರಿನ ಜೂಮ್ ಮಸೂರವೂ ಇತ್ತು. ಮದುವೆ ಮುಂಜಿಗಳಲ್ಲಿ ಅದು ನಮಗೆ ಯಾವ ಕೊರತೆಯನ್ನೂ ತೋರಿಸಿರಲಿಲ್ಲ. ಒಂದು ಭಾನುವಾರ ಹೋಗಿ ಅಡಿಗೆಯ ಮನೆಯ ಹೊಸಿಲಿನಲ್ಲಿ ನಿಂತು ನೋಡಿದರೆ ಒಲೆ ಬಂದಿತು, ಒರಳು ಬರಲಿಲ್ಲ. ಒರಳಿನ ಕಡೆಗೆ ತಿರುಗಿದರೆ ಒಲೆ ಹೋಯಿತು. ಹಿಂದಕ್ಕೆ ಸರಿದರೆ ಬಾಗಿಲಿನ ಚೌಕಟ್ಟು ಅಡ್ಡ ಬಂದು, ಎರಡೂ ಹೋಗಿ, ಹಂಡೆಯೊಂದೇ ಉಳಿಯಿತು. ಬಯಲಿನಲ್ಲಿ ನಿಂತು ಮನೆಯ ಮುಂಭಾಗವನ್ನು ತೆಗೆಯುವವನು ಹತ್ತು ಹೆಜ್ಜೆ ಹಿಂದೆ ಹೋಗಬಹುದು. ಅಡಿಗೆಯ ಮನೆಯಲ್ಲಿ ಬೆನ್ನಿಗೆ ಗೋಡೆಯಿರುತ್ತದೆ. ಕಣ್ಣು ಕಂಡದ್ದನ್ನು ಕ್ಯಾಮೆರಾ ಏಕೆ ಕಾಣದೆಂಬ ಪ್ರಶ್ನೆ ಆಗ ಹುಟ್ಟಿತು. ಉತ್ತರವನ್ನು ಹುಡುಕಿಕೊಂಡು ಹೊರಟವರು ಕಡೆಗೆ ಒಂದು ಮಸೂರವನ್ನು ಕೊಂಡು ಹಿಂದಿರುಗಿದೆವು. ಇಂತಹ ಮನೆಗಳುಳ್ಳ ಗೃಹಸ್ಥರಿಗೆ ನಮ್ಮ ಅಲೆದಾಟದಿಂದ ಏನಾದರೂ ಉಪಯೋಗವಾಗಬಹುದೆಂದು ಅದನ್ನಿಲ್ಲಿ ಬರೆಯುತ್ತೇವೆ.

ಕಣ್ಣು ಒಂದು ಕಡೆ ನಿಲ್ಲುವುದಿಲ್ಲವೆಂಬುದೇ ಮೊದಲನೆಯ ಉತ್ತರ. ಹೊಸಿಲಲ್ಲಿ ನಿಂತ ಗೃಹಿಣಿಯು ಒಲೆಯನ್ನೂ ಒರಳನ್ನೂ ಒಂದೇ ಕ್ಷಣದಲ್ಲಿ ಕಂಡೆನೆಂದು ನೆನೆಯುತ್ತಾಳಾದರೂ, ಅವಳ ದೃಷ್ಟಿ ಅತ್ತಿತ್ತ ಸುಳಿದು ಎರಡನ್ನೂ ಮನಸ್ಸಿನಲ್ಲಿ ಹೊಲಿದುಕೊಂಡಿರುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ನೋಟ. ಆ ನೋಟದ ಅಗಲವನ್ನು ಎರಡು ಅಳತೆಗಳು ನಿರ್ಣಯಿಸುತ್ತವೆ: ಮಸೂರದ ಸಂಗಮದೂರವೊಂದು, ಹಿಂದೆ ಬಿಂಬವನ್ನು ಹಿಡಿಯುವ ಫಲಕದ ಅಗಲವೊಂದು. ದೂರದ ವಸ್ತುವಿನ ಬಿಂಬ ಸ್ಪಷ್ಟವಾಗಿ ಬೀಳಬೇಕಾದರೆ ಮಸೂರಕ್ಕೂ ಫಲಕಕ್ಕೂ ನಡುವೆ ಇರಬೇಕಾದ ಅಂತರವೇ ಸಂಗಮದೂರವೆಂದು ಸ್ಥೂಲವಾಗಿ ತಿಳಿದರೆ ಸಾಕು. ಮಸೂರಗಳ ಮೇಲೆ ಬರೆದಿರುವ ೧೮, ೫೫ ಮುಂತಾದ ಅಂಕೆಗಳು ಇವೇ. ಅಂಕೆ ಕಿರಿದಾದಷ್ಟೂ ನೋಟ ಹಿರಿದಾಗುತ್ತದೆ.

ಇನ್ನು ಫಲಕದ ಸಂಗತಿ. ೧೯೨೫ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಂದಿನಿಂದ, ೩೬ ಮಿಲಿಮೀಟರು ಅಗಲ ೨೪ ಮಿಲಿಮೀಟರು ಎತ್ತರವಿರುವ ಫಿಲ್ಮಿನ ಅಂಕಣವು ಕ್ರಮೇಣ ಎಲ್ಲರ ಅಳತೆಗೋಲಾಯಿತು. ಫಿಲ್ಮು ಹೋಗಿ ವಿದ್ಯುತ್ ಫಲಕ, ಎಂದರೆ ಸೆನ್ಸರು, ಬಂದಾಗ ಅಷ್ಟು ದೊಡ್ಡ ಫಲಕವನ್ನು ತಯಾರಿಸುವುದು ಬಹು ದುಬಾರಿಯಾಗಿದ್ದಿತು. ಆದಕಾರಣ ಸಾಮಾನ್ಯರು ಕೊಳ್ಳತಕ್ಕ ಕ್ಯಾಮೆರಾಗಳಲ್ಲಿ ಕಿರಿಯ ಫಲಕವನ್ನಿಟ್ಟರು. ಅಂಗಡಿಯವರು ‘ಕ್ರಾಪ್ ಸೆನ್ಸರು’ ಎನ್ನುವುದು ಇದನ್ನೇ. ಕ್ಯಾನನ್ನಿನವರ ಕಿರುಫಲಕ ೨೨.೩ ಮಿಲಿಮೀಟರು ಅಗಲ. ನಿಕಾನ್, ಸೋನಿ, ಫ್ಯೂಜಿಯವರದು ಸುಮಾರು ೨೩.೫. ಹಪ್ಪಳದ ಅಂಚನ್ನು ಸುತ್ತಲೂ ಮುರಿದು ನಡುವಣ ತುಂಡನ್ನು ಮಾತ್ರ ಎಲೆಗೆ ಬಡಿಸಿದ ಹಾಗೆ, ಮಸೂರವು ತಂದುಕೊಟ್ಟ ನೋಟದ ಅಂಚೆಲ್ಲ ಫಲಕದ ಹೊರಗೆ ಬಿದ್ದುಹೋಗುತ್ತದೆ. ಫಿಲ್ಮಿನ ಕಾಲದಲ್ಲಿ ಅಗಲನೋಟದ್ದೆಂದು ಹೆಸರಾಗಿದ್ದ ೨೮ರ ಮಸೂರ ಈ ಫಲಕದ ಮುಂದೆ ತೀರ ಸಾಧಾರಣವಾದುದಾಗಿಬಿಡುತ್ತದೆ. ನಮ್ಮ ಸ್ನೇಹಿತರೊಬ್ಬರು ೧೬–೩೫ರ ಮಸೂರವೊಂದನ್ನು, ಅದು ಅಗಲನೋಟದ ಮಸೂರಗಳಲ್ಲಿ ರಾಜನೆಂದು ಕೇಳಿ, ಬಹಳ ಹಣ ಕೊಟ್ಟು ತರುವುದರಲ್ಲಿದ್ದರು. ದೊಡ್ಡ ಫಲಕದವರಿಗೆ ಅದು ರಾಜನೇ ಸರಿ. ನಮ್ಮಂಥವರ ಕ್ಯಾಮೆರಾದಲ್ಲಿ ೧೬ಕ್ಕೆ ಅಡ್ಡಡ್ಡವಾಗಿ ಕಾಣುವುದು ೭೦ ಡಿಗ್ರಿ ಮಾತ್ರ. ಕೈಯಲ್ಲಿರುವ ೧೮ಕ್ಕೆ ೬೪ ಡಿಗ್ರಿ ಆಗಲೇ ಕಾಣುತ್ತದೆ. ಆರು ಡಿಗ್ರಿಗಾಗಿ ಅಷ್ಟು ಹಣವೇ ಎಂದು ಲೆಕ್ಕ ತೋರಿಸಿದ ಮೇಲೆ ಅವರು ಸುಮ್ಮನಾದರು.

ಆ ಲೆಕ್ಕ ಬಹಳ ಸುಲಭ, ಮಕ್ಕಳೂ ಮಾಡಬಹುದು. ಫಲಕದ ಅಗಲವನ್ನು ಸಂಗಮದೂರದಿಂದ ಭಾಗಿಸಿ, ಎದುರುಗೋಡೆಗಿರುವ ದೂರದಿಂದ ಗುಣಿಸಿದರೆ, ಆ ಗೋಡೆಯ ಅಳತೆಯಲ್ಲಿ ಎಷ್ಟು ಅಗಲ ಚಿತ್ರದೊಳಕ್ಕೆ ಬರುವುದೆಂಬುದು ಸಿಕ್ಕುತ್ತದೆ. ನಮ್ಮ ಅಡಿಗೆಯ ಮನೆಯ ಎದುರುಗೋಡೆ ಹತ್ತು ಅಡಿ ಅಗಲ. ಹೊಸಿಲಲ್ಲಿ ಹಿಡಿದ ಕ್ಯಾಮೆರಾದಿಂದ ಅದಕ್ಕೆ ಏಳು ಅಡಿ ದೂರ. ೧೮ರ ಸಂಗಮದೂರಕ್ಕೆ ಎಂಟೂವರೆ ಅಡಿಗಿಂತ ಸ್ವಲ್ಪವೇ ಹೆಚ್ಚು ಬಂದಿತು. ಪಕ್ಕದ ಗೋಡೆಗಳಿಗೆ ಒತ್ತಿಕೊಂಡಿದ್ದ ಒಲೆಯೂ ಒರಳೂ ಒಟ್ಟಿಗೆ ಕಾಣದೆ ಹೋದುದರಲ್ಲಿ ಏನೂ ಸೋಜಿಗವಿಲ್ಲ. ೧೦ಕ್ಕೆ ಇಳಿದರೆ ಹದಿನೈದೂವರೆ ಅಡಿ: ಎದುರುಗೋಡೆ ಪೂರ್ತಿಯಾಗಿ, ಜೊತೆಗೆ ಎರಡು ಪಕ್ಕದ ಗೋಡೆಗಳ ಒಂದೊಂದು ಭಾಗವೂ.

ಇದಕ್ಕಿಂತಲೂ ನೆನಪಿಡಲು ಸುಲಭವಾದ ಸೂತ್ರವೊಂದುಂಟು. ಕೋಣೆಯ ಮೂಲೆಗೆ ಬೆನ್ನು ಕೊಟ್ಟು ನಿಂತವನಿಗೆ ಎಡದ ಗೋಡೆಯೂ ಬಲದ ಗೋಡೆಯೂ ಎರಡೂ ಕಾಣಬೇಕಾದರೆ ೯೦ ಡಿಗ್ರಿಯ ನೋಟ ಬೇಕು, ಮೂಲೆಯೆಂದರೆ ಲಂಬಕೋನವಷ್ಟೆ. ಸಂಗಮದೂರವು ಫಲಕದ ಅಗಲದ ಸರಿಯರ್ಧವಾದಾಗ ನೋಟವು ಸರಿಯಾಗಿ ೯೦ ಡಿಗ್ರಿಯಾಗುತ್ತದೆ. ಕ್ಯಾನನ್ನಿಗೆ ಇದು ಹನ್ನೊಂದಕ್ಕೆ ಸ್ವಲ್ಪ ಮೇಲೆ, ಉಳಿದವರಿಗೆ ಹನ್ನೆರಡಕ್ಕೆ ಸ್ವಲ್ಪ ಕೆಳಗೆ. ಆದುದರಿಂದ ೧೦ ಅಥವಾ ೧೧ರಿಂದ ಮೊದಲಾಗುವ ಮಸೂರವು ಮನೆಯೊಳಗಿನ ಕೆಲಸಕ್ಕೆ ಒದಗುತ್ತದೆ. ನಿಕಾನಿನವರು ೨೦೨೩ರಲ್ಲಿ ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗಾಗಿ ಹೊರಡಿಸಿದ ೧೨–೨೮ರ ಮಸೂರಕ್ಕೆ ಒಂದು ಡಿಗ್ರಿಯಷ್ಟು ಕೊರತೆ. ಅಷ್ಟಕ್ಕಾಗಿ ಯಾರೂ ಅಳಬೇಕಾಗಿಲ್ಲ. ೧೦ಕ್ಕೂ ಕೆಳಗಿಳಿಯುವವರು ಸಿಗ್ಮಾದವರ ೮–೧೬ನ್ನು ಕೊಳ್ಳುವುದುಂಟು. ಅದರ ಮುಂಗಾಜು ಗುಳ್ಳೆಯಂತೆ ಉಬ್ಬಿರುವುದರಿಂದ ಮುಂದೆ ರಕ್ಷಣೆಗೊಂದು ಫಿಲ್ಟರನ್ನೂ ತಿರುಗಿಸುವಂತಿಲ್ಲ. ಮಕ್ಕಳಿರುವ ಮನೆಗೆ ನಾವು ಅದನ್ನು ಹೇಳುವುದಿಲ್ಲ.

ಮಸೂರ ಕೊಳ್ಳುವುದಕ್ಕೆ ಮೊದಲು ನಾವು ಅಡ್ಡದಾರಿಯೊಂದನ್ನು ಹಿಡಿದು ಹಣ ಕಳೆದೆವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ, ಇರುವ ಮಸೂರದ ಮೂತಿಗೆ ತಿರುಗಿಸಿ ಕೂರಿಸುವ ಬಿಲ್ಲೆಯೊಂದನ್ನು ತೋರಿಸಿ, ಇದರಿಂದ ನೋಟ ಅಗಲವಾಗುವುದೆಂದರು. ಅಗಲವೇನೋ ಆಯಿತು. ಆದರೆ ಚಿತ್ರದ ಅಂಚೆಲ್ಲ ನೀರಿನೊಳಗೆ ಕಂಡಂತೆ ಕದಡಿ, ಕಂಬಗಳು ಬಾಳೆಯ ಗೊನೆಯಂತೆ ಬಾಗಿದುವು. ಆ ಬಿಲ್ಲೆಯನ್ನು ಈಗ ನಮ್ಮ ಹುಡುಗರು ಇರುವೆಗಳನ್ನು ನೋಡಲು ಉಪಯೋಗಿಸುತ್ತಾರೆ. ಅಳಿಯಂದಿರು, “ಫೋನಿನಲ್ಲಿಯೇ ಆಗುತ್ತದಲ್ಲ” ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇತ್ತೀಚಿನ ಅನೇಕ ಫೋನುಗಳಲ್ಲಿ ಓರೆಯಾಗಿ ಅಳೆದರೆ ೧೨೦ ಡಿಗ್ರಿ ಕಾಣುವ ಮಸೂರವೊಂದಿರುತ್ತದೆ. ತೊಟ್ಟಿಯ ಬೆಳಕಿನಲ್ಲಿ ಹಜಾರದ ಚಿತ್ರ ಅದರಲ್ಲಿ ಚೆನ್ನಾಗಿಯೇ ಬಂದಿತು. ಬಿಸಿಲು ಬೀಳುವ ಮನೆಯವರು, ಆಲ್ಬಮ್ಮಿನಲ್ಲಿಡುವಷ್ಟು ಚಿಕ್ಕ ಪ್ರತಿ ಸಾಕೆನ್ನುವವರು, ಇಲ್ಲಿಗೇ ಓದುವುದನ್ನು ನಿಲ್ಲಿಸಿ ಹಣ ಉಳಿಸಬಹುದು. ಅಡಿಗೆಯ ಮನೆಯಲ್ಲಿ ಮಾತ್ರ, ಗವಾಕ್ಷಿಯೊಂದರಿಂದ ಬರುವ ಬೆಳಕೇ ಗತಿಯಾದ ಕಡೆ, ಫೋನಿನ ಉಗುರಿಗಿಂತ ಕಿರಿದಾದ ಫಲಕವು ಮಸಿಹಿಡಿದ ಗೋಡೆಯನ್ನೂ ಕರಿಯ ಒರಳನ್ನೂ ಒಂದೇ ಮುದ್ದೆಯಾಗಿ ಕಲಸಿಹಾಕಿತು.

ಬೇಲೂರಿನಲ್ಲಿ ಮದುವೆಗಳ ಚಿತ್ರ ತೆಗೆಯುವ ಪರಿಚಿತರೊಬ್ಬರು ನಮ್ಮ ಪಾಡನ್ನು ನೋಡಿ ತಮ್ಮ ಎರಡು ಮಸೂರಗಳನ್ನು ಒಂದು ದಿನದ ಮಟ್ಟಿಗೆ ಎರವು ಕೊಟ್ಟರು. ಒಂದು ಟೋಕಿನಾದವರು ೨೦೦೮ರಲ್ಲಿ ಹೊರಡಿಸಿದ ೧೧–೧೬, ದ್ವಾರದ ಅಳತೆ ಎಫ್ ೨.೮. ಇನ್ನೊಂದು ಕ್ಯಾನನ್ನಿನವರ ೧೦–೧೮, ೨೦೧೪ರದು, ದ್ವಾರ ಎಫ್ ೪.೫ರಿಂದ ೫.೬. ಮೊದಲನೆಯದು ೫೬೦ ಗ್ರಾಮು ತೂಗುವ ಲೋಹದ ಗುಂಡು. ಎರಡನೆಯದು ೨೪೦ ಗ್ರಾಮಿನ ಪ್ಲಾಸ್ಟಿಕ್ಕಿನ ವಸ್ತು, ಬೆಲೆಯಲ್ಲಿಯೂ ಬಹಳ ಕಡಮೆ. ಬೆಲೆಗಳನ್ನು ನಾವಿಲ್ಲಿ ಬರೆಯುವುದಿಲ್ಲ. ಇವು ಅಡಕೆಯ ಧಾರಣೆಯಂತೆ ತಿಂಗಳಿಗೊಮ್ಮೆ ಬದಲಾಗುತ್ತವೆ. ಮಸೂರಗಳನ್ನು ಪರೀಕ್ಷಿಸುವುದಕ್ಕೆ ನಮ್ಮ ಸೀಮೆಯಲ್ಲಿ ಸ್ಥಳಕ್ಕೆ ಬರವೇ? ನೇರವಾಗಿ ಚೆನ್ನಕೇಶವನ ಗುಡಿಗೆ ನಡೆದೆವು.

ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆಮಾಡಿಸಿದ ಈ ದೇವಾಲಯವು ೨೦೨೩ರಲ್ಲಿ ಹಳೇಬೀಡು, ಸೋಮನಾಥಪುರಗಳ ಗುಡಿಗಳೊಡನೆ ಜಗತ್ತಿನ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿತಷ್ಟೆ. ಇಲ್ಲಿ ಮುಕ್ಕಾಲಿಯನ್ನು ನಿಲ್ಲಿಸಬೇಕಾದರೆ ಪುರಾತತ್ತ್ವ ಇಲಾಖೆಯವರ ಅನುಮತಿಯನ್ನು ಮೊದಲೇ ಪಡೆಯಬೇಕು. ನಮ್ಮಂತಹ ಹಾದಿಹೋಕರಿಗೆ ಕೈಯೇ ಮುಕ್ಕಾಲಿ. ಹೊರಗಿನ ಬಿಸಿಲಿನಿಂದ ನವರಂಗದೊಳಕ್ಕೆ ಕಾಲಿಟ್ಟರೆ ಕಣ್ಣಿಗೆ ಮೊದಲು ಕತ್ತಲೆಯೇ ಕಾಣುತ್ತದೆ. ಆಮೇಲೆ ಜಾಲಂಧ್ರಗಳಿಂದ ಸೋಸಿಬಂದ ಬೆಳಕಿನಲ್ಲಿ ಕಂಬಗಳು ಒಂದೊಂದಾಗಿ ಎದ್ದುಬರುತ್ತವೆ. ನಮ್ಮ ಅಡಿಗೆಯ ಮನೆಯ ಬೆಳಕಿಗೆ ಇಷ್ಟು ಹೋಲುವ ಬೆಳಕು ಬೇರೆಲ್ಲಿಯೂ ಸಿಕ್ಕಲಾರದು.

ಎಫ್ ಎಂಬ ಅಕ್ಷರದ ಮುಂದಿನ ಅಂಕೆ ಕಿರಿದಾದಷ್ಟೂ ಮಸೂರದ ದ್ವಾರ ದೊಡ್ಡದು, ಬೆಳಕು ಹೆಚ್ಚು. ೨.೮ಕ್ಕೂ ೪.೫ಕ್ಕೂ ಇರುವ ಅಂತರ ಸುಮಾರು ಎರಡೂವರೆ ಪಟ್ಟು. ಆದುದರಿಂದ ಕತ್ತಲೆಯ ಕೋಣೆಗೆ ಟೋಕಿನಾವೇ ಸರಿಯೆಂದು ನಾವು ಹೋಗುವಾಗಲೇ ತೀರ್ಮಾನಿಸಿಕೊಂಡಿದ್ದೆವು. ಅಂಗಡಿಯವರೂ ಹಾಗೆಯೇ ಹೇಳಿದ್ದರು. ಪರೀಕ್ಷೆಯಲ್ಲಿ ಕಂಡುದು ಬೇರೆ. ಕ್ಯಾನನ್ನಿನ ಅಗ್ಗದ ಮಸೂರದೊಳಗೆ ಕೈಯ ನಡುಕವನ್ನು ತಡೆಯುವ ಏರ್ಪಾಡೊಂದಿದೆ: ಕೈ ಅಲುಗಿದ ದಿಕ್ಕನ್ನು ಅರಿತು ಒಳಗಿನ ಗಾಜುಗಳ ಗುಂಪೊಂದು ಅದಕ್ಕೆ ತಕ್ಕಂತೆ ಸರಿದು ಬಿಂಬವನ್ನು ನಿಲ್ಲಿಸುತ್ತದೆ. ಇದರಿಂದ ನಾಲ್ಕು ಮೆಟ್ಟಿಲಿನ, ಎಂದರೆ ಹದಿನಾರು ಪಟ್ಟಿನ, ಅನುಕೂಲವುಂಟೆಂದು ತಯಾರಿಸಿದವರ ಹೇಳಿಕೆ. ಅಷ್ಟೂ ನಮ್ಮ ಕೈಗೆ ದಕ್ಕಲಿಲ್ಲ. ಆದರೂ ಉಸಿರು ಬಿಗಿಹಿಡಿದು ಕಾಲು ಸೆಕೆಂಡಿನಷ್ಟು ಹೊತ್ತು ಬಾಗಿಲು ತೆರೆದಿಟ್ಟರೂ ಕಂಬದ ಕುಸುರಿ ಕದಡಲಿಲ್ಲ. ಆ ಏರ್ಪಾಡಿಲ್ಲದ ಟೋಕಿನಾವನ್ನು ಹದಿನೈದರಲ್ಲೊಂದು ಸೆಕೆಂಡಿಗಿಂತ ನಿಧಾನಕ್ಕೆ ಇಳಿಸಿದರೆ ಮೂರು ಚಿತ್ರಗಳಲ್ಲಿ ಎರಡು ಕೆಡುತ್ತಿದ್ದುವು. ಹೀಗಾಗಿ ಕಲ್ಲಿನ ಚಿತ್ರದಲ್ಲಿ ಕಿರುದ್ವಾರದ ಮಸೂರವೇ ಗೆದ್ದಿತು. ಆದರೆ ಕಂಬಗಳ ನಡುವೆ ನಡೆದುಹೋಗುತ್ತಿದ್ದ ಯಾತ್ರಿಕರೆಲ್ಲ ಅದರಲ್ಲಿ ಹೊಗೆಯಂತೆ ಕಂಡರು. ಟೋಕಿನಾದಲ್ಲಿ ಅವರ ಮುಖದ ಗುರುತು ಸಿಕ್ಕುವಂತಿತ್ತು. ಕೈಯ ನಡುಕವನ್ನು ಯಂತ್ರ ತಡೆಯಬಲ್ಲುದೇ ಹೊರತು ಎದುರಿಗಿರುವವರ ನಡಿಗೆಯನ್ನು ತಡೆಯಲಾರದು. ಮದುವೆಯ ಮನೆಯಲ್ಲಿ ಕೆಲಸವಿರುವವರು ಎಫ್ ೨.೮ಕ್ಕೆ ಹಣ ಕೊಡಲಿ. ಗೋಡೆ, ಕಂಬ, ಒಲೆ, ಒರಳುಗಳನ್ನು ತೆಗೆಯುವವರಿಗೆ ಅದು ಅನಾವಶ್ಯಕ. ಕ್ಯಾಮೆರಾದ ಒಡಲಿನಲ್ಲಿಯೇ ಫಲಕವನ್ನು ಅಲುಗಿಸಿ ನಡುಕವನ್ನು ತಡೆಯುವ ಮಾದರಿಗಳೂ ಇವೆ. ಅಂತಹುದನ್ನು ಉಳ್ಳವರಿಗೆ ಈ ತಾರತಮ್ಯ ಅಷ್ಟಾಗಿ ಇಲ್ಲ.

ಬೇಲೂರಿನ ಹೊರಗೋಡೆಯ ಬಳಿ ನಮಗೆ ಇನ್ನೊಂದು ವಿಷಯ ತಿಳಿಯಿತು. ಅದನ್ನು ಹೇಳಿದರೆ ಕೆಲವರ ಉತ್ಸಾಹ ತಗ್ಗಬಹುದು. ಈ ಗುಡಿಗಳಿಗೆ ಜನರು ಯಾವುದನ್ನು ನೋಡಲು ಬರುತ್ತಾರೋ ಅದಕ್ಕೆ ಅಗಲನೋಟದ ಮಸೂರ ಬೇಡವೇ ಬೇಡ. ಮದನಿಕೆಯರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ. ಅವರನ್ನು ಹತ್ತಿರ ತರುವುದಕ್ಕೆ ೫೫ಕ್ಕೂ ಹೆಚ್ಚಿನ ಸಂಗಮದೂರ ಬೇಕು. ಹಳೇಬೀಡಿನ ಗೋಡೆಯ ಆನೆಗಳ ಸಾಲು, ಕುದುರೆ ಸವಾರರ ಸಾಲು, ಪುರಾಣಕಥೆಗಳ ಸಾಲು ಇವೆಲ್ಲ ನಮ್ಮ ಹಳೆಯ ೧೮–೫೫ರಲ್ಲಿಯೇ ಸೊಗಸಾಗಿ ಬಂದುವು. ಇಡೀ ಹೊಯ್ಸಳೇಶ್ವರ ಗುಡಿಯನ್ನು ತೆಗೆಯುವವನಿಗೆ ಎದುರಿಗೆ ವಿಶಾಲವಾದ ಹುಲ್ಲುಹಾಸಿದೆ. ಹಿಂದೆ ಹಿಂದೆ ಹೋದರಾಯಿತು. ಅಗಲನೋಟ ಬೇಕಾಗುವುದು ಹಿಂದೆ ಹೋಗಲು ಎಡೆಯಿಲ್ಲದ ಕಡೆ: ನವರಂಗದೊಳಗೆ, ಜಗತಿಯ ಮೇಲೆ ಗೋಡೆಗೂ ಅಂಚಿಗೂ ನಡುವಣ ಕಿರುದಾರಿಯಲ್ಲಿ, ಇಲ್ಲವೆ ಅರಸೀಕೆರೆಯ ಈಶ್ವರ ದೇವಾಲಯದ ಮಂಟಪದಲ್ಲಿ. ೧೨೨೦ರ ಸುಮಾರಿನ ಆ ತೆರೆದ ಮಂಟಪದ ತಳವಿನ್ಯಾಸ ನಕ್ಷತ್ರದಂತಿದೆ. ನಡುವೆ ನಿಂತು ನೋಡಿದರೆ ಮೂಲೆಗಳು ಸುತ್ತಲೂ ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತವೆ; ೧೮ರಲ್ಲಿ ಅದು ಬರಿಯ ಕಂಬಗಳ ಸಾಲಾಗಿ ಕಂಡಿತು, ೧೦ಕ್ಕೆ ಇಳಿಸಿದಾಗ ಮಾತ್ರ ಅದೊಂದು ನಕ್ಷತ್ರವೆಂಬುದು ಚಿತ್ರ ನೋಡಿದವರಿಗೂ ಗೊತ್ತಾಯಿತು.

ಅಲ್ಲಿಯೇ ಕಂಡ ದೋಷವನ್ನೂ ಹೇಳಿಬಿಡುವುದು ಒಳ್ಳೆಯದು. ಛಾವಣಿಯೂ ಬರಲೆಂದು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆ ಎತ್ತಿದೊಡನೆ ಕಂಬಗಳೆಲ್ಲ ತಲೆಗೆ ತಲೆ ಕೂಡಿಸಿ ಒಳಕ್ಕೆ ವಾಲಿದುವು. ೧೮ರಲ್ಲಿ ಈ ವಾಲುವಿಕೆ ಅಲ್ಪ, ೧೦ರಲ್ಲಿ ಅಸಹ್ಯ. ಬೇಲೂರು ಹಳೇಬೀಡುಗಳ ಗುಡಿಗಳ ಚಿತ್ರಗಳುಳ್ಳ ದೊಡ್ಡ ಪುಸ್ತಕವೊಂದು ೧೮೬೬ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾಯಿತು. ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ಎಂಬವರು ತೆಗೆದ ಚಿತ್ರಗಳವು. ಆಮೇಲೆ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರಿನ ದೇವಾಲಯವನ್ನು ಕುರಿತು ೧೯೧೯ರಲ್ಲಿ ಚಿತ್ರಸಹಿತವಾದ ಗ್ರಂಥವನ್ನು ಹೊರತಂದರು. ಮರದ ಪೆಟ್ಟಿಗೆಯಂತಹ ಹಳೆಯ ಕ್ಯಾಮೆರಾಗಳ ಪೈಕಿ ಅನೇಕದರಲ್ಲಿ, ಪೆಟ್ಟಿಗೆಯನ್ನು ಓರೆಮಾಡದೆ ಮಸೂರವಿರುವ ಹಲಗೆಯೊಂದನ್ನೇ ಮೇಲಕ್ಕೆ ಸರಿಸುವ ಅನುಕೂಲವಿದ್ದಿತು. ಕಂಬ ನೆಟ್ಟಗೆ ನಿಲ್ಲುತ್ತಿತ್ತು. ನಮ್ಮ ಕ್ಯಾಮೆರಾಗಳಿಗೆ ಆ ಭಾಗ್ಯವಿಲ್ಲ. ಕ್ಯಾಮೆರಾವನ್ನು ತಕ್ಕಡಿಯಂತೆ ಸಮನಾಗಿ ಹಿಡಿದು, ಬೇಕಾದುದಕ್ಕಿಂತ ಅಗಲವಾಗಿ ತೆಗೆದು, ಕೆಳಗೆ ಬಂದ ವ್ಯರ್ಥವಾದ ನೆಲವನ್ನು ಆಮೇಲೆ ಕತ್ತರಿಸಿಬಿಡುವುದು ನಾವು ಕಂಡುಕೊಂಡ ಉಪಾಯ.

ಚಿತ್ರದ ಮೂಲೆಗಳು ಕಪ್ಪಾಗುವುದು ಅಗಲನೋಟಕ್ಕೆ ಹುಟ್ಟಿನಿಂದ ಬಂದ ರೋಗ. ೧೯೦೦ರಲ್ಲಿ ಜರ್ಮನಿಯ ಗೋಯರ್ಟ್ಸ್ ಕಂಪೆನಿಯವರು ಹೈಪರ್ಗಾನ್ ಎಂಬ ಮಸೂರವನ್ನು ಮಾಡಿದಾಗ, ನಡುವಣ ಬೆಳಕನ್ನು ತಗ್ಗಿಸುವುದಕ್ಕಾಗಿ ಅದರ ಮುಂದೆ ನಕ್ಷತ್ರಾಕಾರದ ಕಿರುಚಕ್ರವೊಂದನ್ನು ಗಾಳಿಯೂದಿ ತಿರುಗಿಸುತ್ತಿದ್ದರಂತೆ. ಈಗ ಆ ಕೆಲಸವನ್ನು ಕ್ಯಾಮೆರಾದೊಳಗಿನ ಲೆಕ್ಕವೇ ಮಾಡಿಕೊಳ್ಳುತ್ತದೆ, ನಾವು ಚಿಂತಿಸಬೇಕಾದುದಿಲ್ಲ.

ಮನುಷ್ಯರ ವಿಷಯ ಹಾಗಲ್ಲ. ಗೆರೆಗಳನ್ನು ನೆಟ್ಟಗೆ ಉಳಿಸುವ ಮಸೂರವು ಅಂಚಿನಲ್ಲಿರುವ ದುಂಡಗಿನ ವಸ್ತುವನ್ನು ಹಿಗ್ಗಲಿಸಲೇಬೇಕು. ಇದು ಕ್ಷೇತ್ರಗಣಿತದ ಕಟ್ಟಳೆ, ಕಂಪೆನಿಯ ಲೋಪವಲ್ಲ. ೧೦ರಲ್ಲಿ ತೆಗೆದ ಚಿತ್ರದ ಎಡಬಲದ ಕೊನೆಯಲ್ಲಿ ನಿಂತವರ ತಲೆ ಇರಬೇಕಾದುದಕ್ಕಿಂತ ಒಂದೂವರೆ ಪಟ್ಟು ಅಗಲವಾಗುತ್ತದೆ. ಹಜಾರದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ನಾವು ಈ ಪ್ರಮಾದವನ್ನು ಮಾಡಿದೆವು. ಅಂಚಿನಲ್ಲಿ ಕುಳಿತಿದ್ದ ಅತ್ತಿಗೆಯವರು ಇಂದಿಗೂ ಆ ಚಿತ್ರವನ್ನು ಯಾರಿಗೂ ತೋರಿಸಕೂಡದೆಂದು ಆಜ್ಞೆಮಾಡಿದ್ದಾರೆ. ಜನರ ಗುಂಪನ್ನು ೧೮ರಲ್ಲಿ, ಸಾಧ್ಯವಾದಷ್ಟು ದೂರ ನಿಂತು ತೆಗೆಯಬೇಕು. ೧೦ರಲ್ಲಿ ತೆಗೆಯಲೇಬೇಕಾದರೆ ಎಲ್ಲರನ್ನೂ ನಡುವೆ ಒತ್ತೊತ್ತಾಗಿ ನಿಲ್ಲಿಸಿ ಅಂಚಿಗೆ ಕಂಬವನ್ನೋ ಕಿಟಕಿಯನ್ನೋ ಬಿಡಬೇಕು.

ಇಷ್ಟೆಲ್ಲ ಆದ ಮೇಲೆ ಕ್ಯಾನನ್ ೧೦–೧೮ನ್ನೇ, ಒಬ್ಬರು ಉಪಯೋಗಿಸಿ ಬಿಟ್ಟುದನ್ನು, ಕೊಂಡೆವು. ಹಳೆಯ ಮಸೂರವನ್ನು ಕೊಳ್ಳುವವರು ಅದರ ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡತಕ್ಕದ್ದು. ನಮ್ಮ ಮಳೆನಾಡಿನಲ್ಲಿ ಗಾಜಿನೊಳಗೆ ಜೇಡರ ಬಲೆಯಂತೆ ಬೂಜು ಹಿಡಿದಿರುವುದು ಅಪರೂಪವಲ್ಲ. ಇಟ್ಟಿಗೆಯ ಗೋಡೆಯೊಂದನ್ನು ನೇರವಾಗಿ ನಿಂತು ತೆಗೆದು, ಎಡದ ಅಂಚೂ ಬಲದ ಅಂಚೂ ಸಮಾನವಾಗಿ ಸ್ಪಷ್ಟವಾಗಿವೆಯೇ ಎಂದು ಪರೀಕ್ಷಿಸಬೇಕು. ಒಂದು ಕಡೆ ಮಾತ್ರ ಮಸಕಾದರೆ ಆ ಮಸೂರ ಎಂದೋ ಬಿದ್ದಿರುತ್ತದೆ. ನಿಕಾನ್ ಇರುವವರು ೨೦೧೭ರಲ್ಲಿ ಬಂದ ೧೦–೨೦ನ್ನು ನೋಡಬಹುದು. ತೂಕ ೨೩೦ ಗ್ರಾಮು, ನಡುಕ ತಡೆಯುವ ಏರ್ಪಾಡೂ ಉಂಟು. ಆದರೆ ಡಿ ೮೦, ಡಿ ೯೦ ಮುಂತಾದ ಹಳೆಯ ಒಡಲುಗಳೊಡನೆ ಅದು ಕೆಲಸಮಾಡುವುದಿಲ್ಲ. ಕ್ಯಾನನ್ನಿನ ಹೊಸ ಕನ್ನಡಿರಹಿತ ಕ್ಯಾಮೆರಾಗಳಿಗೆ ೨೦೨೩ರಲ್ಲಿ ಬೇರೊಂದು ೧೦–೧೮ ಬಂದಿದೆ, ಬರಿಯ ೧೫೦ ಗ್ರಾಮಿನದು. ಅದು ನಮ್ಮಂತಹ ಹಳೆಯ ಒಡಲಿಗೆ ಕೂರದು. ಹಳೆಯ ೧೦–೧೮ ಮಾತ್ರ ನಡುವೆ ಒಂದು ಬಳೆಯಿಟ್ಟರೆ ಹೊಸದಕ್ಕೆ ಕೂರುತ್ತದೆ. ಸೋನಿಯವರಿಗೆ ಟ್ಯಾಮ್ರಾನಿನ ೧೧–೨೦, ಸಿಗ್ಮಾದ ೧೦–೧೮, ಎರಡೂ ಎಫ್ ೨.೮ರವು, ಇವೆ, ಹಗುರವೂ ಹೌದು, ಹಣ ಮಾತ್ರ ಹೆಚ್ಚು. ಯಾವುದನ್ನೇ ಕೊಂಡರೂ ದೊಡ್ಡ ಅಂಕೆಯ ಕೊನೆಯನ್ನು ಮರೆಯಬಾರದು. ೧೬ಕ್ಕೆ ನಿಲ್ಲುವ ಟೋಕಿನಾಕ್ಕಿಂತ ೧೮ಕ್ಕೆ, ೨೦ಕ್ಕೆ ಹೋಗುವ ಮಸೂರ ಮನೆಯ ಕೆಲಸಕ್ಕೆ ಮೇಲು. ಇದು ನಮಗೆ ಗೊತ್ತಾದುದು ಎಲ್ಲಕ್ಕಿಂತ ಕಡೆಯಲ್ಲಿ.

ಮಸೂರ ಬಂದ ವಾರವೇ ಅಡಿಗೆಯ ಮನೆಯ ಹೊಸಿಲಿನಲ್ಲಿ ನಿಂತು ೧೦ರಲ್ಲಿ ಚಿತ್ರ ತೆಗೆದೆವು. ದ್ವಾರವನ್ನು ಎಫ್ ೮ಕ್ಕೆ ಕಿರಿದುಮಾಡಿ ಎರಡು ಅಡಿಯ ದೂರಕ್ಕೆ ನೆಲೆಗೊಳಿಸಿದರೆ, ಒಂದು ಅಡಿಗೆ ಕೊಂಚ ಮೇಲಿನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೂ ಎಲ್ಲವೂ ಸ್ಪಷ್ಟ. ಅಗಲನೋಟದ ಮಸೂರದ ದೊಡ್ಡ ಗುಣವಿದು. ಒಲೆ, ಒರಳು, ಹಂಡೆ ಮೂರೂ ಬಂದುವು. ಸೂರಿನಿಂದ ತೂಗುವ ನೆಲುವೂ ಬಂದಿತು. ದೊಡ್ಡದಾಗಿ ಅಚ್ಚುಮಾಡಿಸಿ ಸಂತೋಷದಿಂದ ಕಳುಹಿಸಿದೆವು. ಸೋದರತ್ತೆಯವರು ಅದನ್ನು ಬಹಳ ಹೊತ್ತು ನೋಡಿ, “ಇದು ಯಾವುದೋ ಛತ್ರದ ಅಡಿಗೆಯ ಮನೆ. ನಮ್ಮಲ್ಲಿ ಒಲೆಯ ಮುಂದೆ ಕುಳಿತು ಕೈ ಚಾಚಿದರೆ ಒರಳು ಸಿಕ್ಕುತ್ತಿತ್ತು” ಎಂದರು.

ಅವರ ಮಾತು ನಿಜವಾಗಿದ್ದಿತು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕಾಲ ಬಳಿಯ ನೆಲ ಹಿಗ್ಗಿ, ಎದುರಿನ ಗೋಡೆ ದೂರ ಸರಿದು, ಎಂಟು ಅಡಿಯ ಕೋಣೆ ಹದಿನಾರು ಅಡಿಯದರಂತೆ ತೋರುತ್ತದೆ. ಮನೆ ಬಾಡಿಗೆಗೆ ಕೊಡುವವರ ಜಾಹೀರಾತುಗಳಲ್ಲಿ ಗೂಡಿನಂತಹ ಕೋಣೆಗಳು ಸಭಾಂಗಣಗಳಂತೆ ಕಾಣುವುದು ಇದರಿಂದಲೇ. ಚಿತ್ರವನ್ನು ಮುಖದ ಹತ್ತಿರ ಹಿಡಿದು ನೋಡಿದರೆ ಈ ಭ್ರಮೆ ಬಹಳಮಟ್ಟಿಗೆ ಹೋಗುತ್ತದೆ; ಆದರೆ ಎಂಬತ್ತು ದಾಟಿದ ಕಣ್ಣಿಗೆ ಹತ್ತಿರ ಹಿಡಿದುದು ಕಾಣುವುದಿಲ್ಲ.

ಇನ್ನೊಂದು ಚಿತ್ರ ತೆಗೆಯೋಣವೆಂದು ನಾವು ಮತ್ತೆ ಗೆಂಡೆಹಳ್ಳಿಗೆ ಹೋಗುವ ವೇಳೆಗೆ ಮನೆಯನ್ನು ಬಿಚ್ಚುವ ಕೆಲಸ ಆರಂಭವಾಗಿದ್ದಿತು. ಅಡಿಗೆಯ ಮನೆಗೂ ನಡುಮನೆಗೂ ನಡುವಣ ಹಲಗೆಯ ಅಡ್ಡಗೋಡೆಯನ್ನು ಬಡಗಿಗಳು ಅಂದು ಬೆಳಿಗ್ಗೆಯೇ ತೆಗೆದು ಅಂಗಳದಲ್ಲಿ ಒಟ್ಟಿದ್ದರು. ಅದುವರೆಗೆ ನಮ್ಮನ್ನು ತಡೆದಿದ್ದ ಚೌಕಟ್ಟು ಇಲ್ಲವಾದುದರಿಂದ ನಾವು ನಾಲ್ಕು ಅಡಿ ಹಿಂದಕ್ಕೆ, ನಡುಮನೆಯೊಳಕ್ಕೆ, ಹೋಗಿ ನಿಲ್ಲಬಹುದಾಯಿತು. ಏಳು ಅಡಿಯಿಂದ ೧೦ರಲ್ಲಿ ಬಂದ ಹದಿನೈದೂವರೆ ಅಡಿಯ ಅಗಲವು ಹನ್ನೊಂದು ಅಡಿಯಿಂದ ೧೬ರಲ್ಲಿಯೇ ಬರುತ್ತದೆಂದು ಲೆಕ್ಕ ಹೇಳಿತು. ಹಾಗೆಯೇ ಬಂದಿತು, ಒರಳು ಒಲೆಯ ಹತ್ತಿರಕ್ಕೆ ತನ್ನ ಜಾಗಕ್ಕೆ ಬಂದು ಕುಳಿತಿತು. ನಮ್ಮ ಎತ್ತರದಿಂದ ತೆಗೆದುದು ಸರಿಯಲ್ಲವೆನಿಸಿ, ಸೋದರತ್ತೆಯವರು ಗಿಡ್ಡ ಆಳೆಂಬುದನ್ನು ನೆನೆದು, ಮೊಣಕಾಲು ಬಗ್ಗಿಸಿ ಅವರ ಕಣ್ಣಿನ ಎತ್ತರದಿಂದ ಇನ್ನೆರಡು ತೆಗೆದೆವು. ಹಂಡೆ ಅಷ್ಟರಲ್ಲಿ ಹಿರಿಯಣ್ಣನವರ ಪಾಲಿಗೆ ಹೋಗಿದ್ದಿತು. ಒಂದು ಗಂಟೆಯ ಮಟ್ಟಿಗೆ ಹೊರಿಸಿ ತರಿಸಿ ಅದರ ಸ್ಥಳದಲ್ಲಿಟ್ಟೆವು.

ಆ ಚಿತ್ರವನ್ನು ಸೋದರತ್ತೆಯವರು ಮಂಚದ ಎದುರಿನ ಗೋಡೆಗೆ ಹಾಕಿಸಿಕೊಂಡಿದ್ದಾರೆ. ಬಂದ ದಿನ ಕನ್ನಡಕವನ್ನು ಎರಡು ಬಾರಿ ಒರೆಸಿಕೊಂಡು ನೋಡಿದರಂತೆ. ಹಂಡೆಯ ಮುಚ್ಚಳವನ್ನು ಯಾರು ತೆಗೆದುಕೊಂಡರೆಂದು ಮಾತ್ರ ಕೇಳಿದರಂತೆ.